ಜೀವಸತ್ವದ ಮರ್ಮವನ್ನರಿತ ಡಾ. ಯಲ್ಲಾಪ್ರಗಡ ಸುಬ್ಬರಾಯರು

ಧಾರವಾಡದಿಂದ ಪಶ್ಚಿಮಕ್ಕೆ ಸಾಗಿದಂತೆ ಬಯಲುಸೀಮೆಯ ಎರೆಹೊಲಗಳು ಹಿಂದೆ ಸರಿದು ಮಲೆನಾಡಿನ ಸೆರಗು ಕಾಣತೊಡಗುತ್ತದೆ. ಆ ಸೆರಗಿನಲ್ಲಿರುವ ಗ್ರಾಮ ಮುಗದ. ಕೆರೆ, ಭತ್ತದ ಗದ್ದೆ, ಕುಂಬಾರರ ಕೈಕೆಲಸ, ಭತ್ತದ ತಳಿಗಳ ಸಂಶೋಧನಾ ಕೇಂದ್ರ ಇವುಗಳಿಂದ ಈ ಊರು ಹೆಸರಾಗಿದೆ. ನೀರು ಅನ್ನವನ್ನು ಕೊಡುತ್ತದೆ. ಅದೇ ನೀರು ಸೊಳ್ಳೆಗೂ ತೊಟ್ಟಿಲಾಗುತ್ತದೆ. ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಚಳಿಜ್ವರವು ಸುಗ್ಗಿಯಷ್ಟೇ ನಿಶ್ಚಿತವಾಗಿ ಬರುತ್ತಿದ್ದ ಅತಿಥಿಯಾಗಿತ್ತು. ಕಂಬಳಿಯ ಮೇಲೆ ಕಂಬಳಿ ಹೊದ್ದರೂ ನಿಲ್ಲದ ನಡುಕ, ಉಬ್ಬಿದ ಗುಲ್ಮ, ಹಳದಿಗಟ್ಟಿದ ಮುಖ, ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿದ ಒಕ್ಕಲಿಗ ಇವು ಆ ದಿನಗಳ ಸಾಮಾನ್ಯ ದೃಶ್ಯಗಳಾಗಿದ್ದವು. ಮುಂಬಯಿ ಪ್ರಾಂತ್ಯದ ಮಲೇರಿಯಾ ತಜ್ಞರಾದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರ ವೇಳೆಗೆ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ನಡೆದಾಗ, ಇಲ್ಲಿಯ ಜನತೆ ಆ ಪಿಡುಗಿನಿಂದ ಬಿಡುಗಡೆಯ ಮೊದಲ ಉಸಿರನ್ನೆಳೆಯಿತು.

ಗೋಡೆಯ ಮೇಲಿನ ಸೊಳ್ಳೆಯನ್ನು ಸಿಂಪರಣೆಯಿಂದ ಕೊಲ್ಲಬಹುದು. ಆದರೆ ಮನುಷ್ಯನ ನೆತ್ತರಿನೊಳಗೇ ಹೊಕ್ಕು ಕುಳಿತ ರೋಗಾಣುವನ್ನು, ಆ ಮನುಷ್ಯನಿಗೆ ಕೇಡಾಗದಂತೆ ಕೊಲ್ಲುವ ಬಗೆ ಎಂತು? ಈ ಪ್ರಶ್ನೆಗೆ ವಿಜ್ಞಾನವು ಕಂಡುಕೊಂಡ ಉತ್ತರಗಳಲ್ಲಿ ಒಂದು ಬಹು ವಿಸ್ಮಯಕರವಾದುದು. ರೋಗಾಣುವಿಗೆ ವಿಷವನ್ನಿಕ್ಕುವ ಬದಲು, ಅದರ ಆಹಾರವನ್ನೇ ಹೋಲುವ ಆದರೆ ಆಹಾರವಲ್ಲದ ವಸ್ತುವನ್ನಿಕ್ಕಿ ಅದನ್ನು ಹಸಿವಿನಿಂದ ಕೆಡಹುವುದೇ ಆ ಉತ್ತರ. ಈ ಮಾರ್ಗದ ಮೊದಲ ಹೆಜ್ಜೆಗಳನ್ನು ಇಟ್ಟವರಲ್ಲಿ ಅಗ್ರಗಣ್ಯರಾದವರು ದಕ್ಷಿಣ ಭಾರತದ ಒಂದು ಬಡ ಕುಟುಂಬದ ಮಗನಾದ ಡಾ. ಯಲ್ಲಾಪ್ರಗಡ ಸುಬ್ಬರಾಯರು. ಅವರು ಮಲೇರಿಯಾ ಔಷಧವನ್ನು ತಾವೇ ಕಂಡುಹಿಡಿದವರಲ್ಲ. ಆದರೆ ಅವರ ಪ್ರಯೋಗಶಾಲೆಯಲ್ಲಿ ಸಿದ್ಧವಾದ ತಿಳಿವು ಆ ಔಷಧಗಳ ಅರ್ಥವನ್ನು ತೆರೆದುತೋರಿಸಿತು. ಅವರ ಬಾಳು ವಿದ್ಯಾರ್ಥಿಗಳೆಲ್ಲರೂ ಅರಿಯಬೇಕಾದ ಬಾಳು.

ಸುಬ್ಬರಾಯರು 1895ರ ಜನವರಿ 12ರಂದು ಇಂದಿನ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮಾವರದಲ್ಲಿ ಜನಿಸಿದರು. ಅದೂ ಮುಗದದಂತೆಯೇ ನೀರಿನ ನಾಡು, ಭತ್ತದ ನಾಡು. ತಂದೆ ಜಗನ್ನಾಥಂ ಅವರು ಕಂದಾಯ ಇಲಾಖೆಯ ನೌಕರರು. ಅನಾರೋಗ್ಯದಿಂದ ಬೇಗನೆ ಕೆಲಸ ಬಿಡಬೇಕಾಯಿತು. ತಾಯಿ ವೆಂಕಮ್ಮನವರು ಬಡತನವನ್ನು ಗಟ್ಟಿಮನಸ್ಸಿನಿಂದ ಎದುರಿಸಿದವರು. ಬಾಲಕ ಸುಬ್ಬರಾಯನಿಗೆ ಮೊದಲಲ್ಲಿ ಓದು ಒಲಿಯಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಆತನು ಮನೆ ಬಿಟ್ಟು ಕಾಶಿಗೆ ಹೊರಟನು. ಅಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂಬುದು ಆ ಎಳೆಯ ಮನಸ್ಸಿನ ಆಲೋಚನೆಯಾಗಿತ್ತು. ತಾಯಿ ಆತನನ್ನು ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಸೇರಿಸಿದಳು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣನಾಗಿ, ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಪ್ರಯತ್ನದಲ್ಲಿ ಆತನು ತೇರ್ಗಡೆ ಹೊಂದಿದನು. ಮುಂದೆ ಜಗತ್ತಿನ ಜೀವರಸಾಯನ ಶಾಸ್ತ್ರಕ್ಕೆ ಹೊಸ ಅಧ್ಯಾಯಗಳನ್ನು ಬರೆದ ಮಹನೀಯನು ಶಾಲೆಯಲ್ಲಿ ಎರಡು ಸಲ ಸೋತಿದ್ದನೆಂಬ ಸಂಗತಿ ಪರೀಕ್ಷೆಯ ಫಲಿತಾಂಶವನ್ನೇ ಬಾಳಿನ ಫಲಿತಾಂಶವೆಂದು ಭಾವಿಸುವವರಿಗೆ ಒಳ್ಳೆಯ ಪಾಠ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾಭ್ಯಾಸದ ಕಾಲದಲ್ಲಿ ತರುಣ ಸುಬ್ಬರಾಯರ ಮನಸ್ಸು ವೈರಾಗ್ಯದ ಕಡೆಗೆ ತಿರುಗಿತ್ತು. ರಾಮಕೃಷ್ಣ ಆಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂಬ ಹಂಬಲ ಅವರಲ್ಲಿತ್ತು. ತಾಯಿ ಒಪ್ಪಲಿಲ್ಲ. ವೈದ್ಯನಾಗಿ ರೋಗಿಗಳ ಸೇವೆ ಮಾಡುವುದೂ ಒಂದು ತಪಸ್ಸೇ ಎಂಬ ಹಿರಿಯರ ಮಾತಿಗೆ ಮಣಿದು ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಓದಿನ ಖರ್ಚಿಗೆ ಸ್ನೇಹಿತರೂ ಕಸ್ತೂರಿ ಸೂರ್ಯನಾರಾಯಣಮೂರ್ತಿಯವರೂ ನೆರವಾದರು. 1919ರಲ್ಲಿ ಮೂರ್ತಿಯವರ ಮಗಳು ಶೇಷಗಿರಿಯವರೊಡನೆ ಸುಬ್ಬರಾಯರ ವಿವಾಹ ನೆರವೇರಿತು. ಅದು ಸ್ವಾತಂತ್ರ್ಯ ಚಳವಳಿಯ ಕಾವಿನ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಖಾದಿಯ ಅಂಗಿಯನ್ನೇ ಧರಿಸಿ ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಪರಿಣಾಮವಾಗಿ, ಲಿಖಿತ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ್ದರೂ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನದೆಂದು ಎಣಿಸಲಾಗುತ್ತಿದ್ದ ಎಲ್.ಎಂ.ಎಸ್. ಮಾತ್ರ. ಸರಕಾರಿ ವೈದ್ಯ ಸೇವೆಯ ಬಾಗಿಲು ಇದರಿಂದ ಮುಚ್ಚಿತು.

ಈ ಕಾಲದಲ್ಲೇ ಅವರ ಮನೆಯ ಮೇಲೆ ದಾರುಣವಾದ ಆಘಾತ ಎರಗಿತು. ಉಷ್ಣವಲಯದ ಸ್ಪ್ರೂ ಎಂಬ ಕರುಳಿನ ಬೇನೆಗೆ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಉಂಡ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ, ದೇಹವು ಕೃಶವಾಗುತ್ತ ಹೋಗುವ ಬೇನೆ ಅದು. ವೈದ್ಯವಿದ್ಯೆಯನ್ನು ಕಲಿಯುತ್ತಿದ್ದ ಸೋದರನು ಬಳಿಯಲ್ಲಿದ್ದರೂ ಆ ವಿದ್ಯೆಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಕೆಲಕಾಲದ ಬಳಿಕ ಅದೇ ಬೇನೆ ಸುಬ್ಬರಾಯರನ್ನೂ ಹಿಡಿಯಿತು. ಮದರಾಸಿನ ಪ್ರಸಿದ್ಧ ಆಯುರ್ವೇದ ವೈದ್ಯರಾದ ಡಾ. ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡು, ಅವರ ಆಯುರ್ವೇದ ಕಾಲೇಜಿನಲ್ಲೇ ಶರೀರಶಾಸ್ತ್ರದ ಅಧ್ಯಾಪಕರಾದರು. ಸೋದರರನ್ನು ನುಂಗಿದ ರೋಗದ ಮೂಲ ಯಾವುದೆಂಬ ಪ್ರಶ್ನೆ ಮಾತ್ರ ಅವರ ಎದೆಯಲ್ಲಿ ಉಳಿದೇ ಇತ್ತು.

ಆ ಪ್ರಶ್ನೆಯನ್ನು ಹೊತ್ತು, ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ ಧರ್ಮಸಂಸ್ಥೆಯ ನೆರವಿನ ಭರವಸೆಯಿಂದ ಹಾಗೂ ಮಾವನವರ ಸಹಾಯದಿಂದ, ಅವರು 1922ರ ಅಕ್ಟೋಬರಿನಲ್ಲಿ ಅಮೇರಿಕೆಯ ಬಾಸ್ಟನ್ ನಗರವನ್ನು ತಲುಪಿದರು. ತುಂಬು ಗರ್ಭಿಣಿಯಾದ ಪತ್ನಿಗೆ ಮೂರು ವರ್ಷಗಳಲ್ಲಿ ಮರಳುವೆನೆಂದು ಮಾತು ಕೊಟ್ಟು ಹೊರಟಿದ್ದರು. ಆ ಮೂರು ವರ್ಷಗಳು ಎಂದೂ ಮುಗಿಯಲಿಲ್ಲ. ಹುಟ್ಟಿದ ಗಂಡುಮಗು ತಂದೆಯ ಮುಖವನ್ನು ಕಾಣದೆಯೇ ಒಂಬತ್ತು ತಿಂಗಳಿನಲ್ಲಿ ತೀರಿಕೊಂಡಿತು. ಸುಬ್ಬರಾಯರು ಪತ್ನಿಯನ್ನಾಗಲಿ ತಾಯ್ನೆಲವನ್ನಾಗಲಿ ಮತ್ತೆ ಕಾಣಲಿಲ್ಲ. ಈ ಮಹನೀಯರ ಸಾಧನೆಯನ್ನು ಸ್ಮರಿಸುವಾಗ, ಅದಕ್ಕಾಗಿ ಜೀವಮಾನವಿಡೀ ಕಾದು ಬೆಲೆ ತೆತ್ತ ಆ ಸಾಧ್ವಿಯನ್ನೂ ಸ್ಮರಿಸಬೇಕಾದುದು ನ್ಯಾಯ.

ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಪ್ರವೇಶ ದೊರೆಯಿತು. ಆದರೆ ಹೊಟ್ಟೆಯ ಪಾಡು? ಭಾರತದ ವೈದ್ಯಪದವಿಗೆ ಅಲ್ಲಿ ಮನ್ನಣೆ ಇರಲಿಲ್ಲ. ಅವರು ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಪರಿಚಾರಕರಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸಕ್ಕೆ ನಿಂತರು. ಹಗಲು ಓದು, ರಾತ್ರಿ ಈ ದುಡಿಮೆ. ಯಾವ ಕೆಲಸವೂ ಕೀಳಲ್ಲವೆಂಬ ತತ್ತ್ವವನ್ನು ಬಾಯಿಂದ ಹೇಳುವವರು ಹಲವರು. ಪರದೇಶದ ಚಳಿಯಲ್ಲಿ ಒಬ್ಬಂಟಿಯಾಗಿ ನಿಂತು ಅದನ್ನು ಆಚರಿಸಿ ತೋರಿದವರು ಸುಬ್ಬರಾಯರು. 1924ರಲ್ಲಿ ಡಿಪ್ಲೊಮಾ ಪಡೆದು ಅವರು ಹಾರ್ವರ್ಡಿನ ಜೀವರಸಾಯನ ವಿಭಾಗವನ್ನು ಸೇರಿದರು.

ಅಲ್ಲಿ ಸೈರಸ್ ಫಿಸ್ಕೆ ಅವರೊಡನೆ ನಡೆಸಿದ ಸಂಶೋಧನೆಯ ಮೊದಲ ಫಲ 1925ರಲ್ಲಿ ಪ್ರಕಟವಾಯಿತು. ದೇಹದ್ರವಗಳಲ್ಲಿರುವ ರಂಜಕದ ಪ್ರಮಾಣವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ಸರಳವಾದ ವಿಧಾನ ಅದು. ಫಿಸ್ಕೆ-ಸುಬ್ಬರಾವ್ ವಿಧಾನವೆಂಬ ಹೆಸರಿನಿಂದ ಜಗತ್ತಿನ ಪ್ರಯೋಗಶಾಲೆಗಳೆಲ್ಲ ಅದನ್ನು ಅರಿತವು. ಅದೇ ವಿಧಾನದ ಬಲದಿಂದ ಅವರಿಬ್ಬರೂ 1927ರಲ್ಲಿ ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನೂ, 1929ರಲ್ಲಿ ಎ.ಟಿ.ಪಿ. ಎಂಬ ಸಂಕೇತದಿಂದ ಪ್ರಸಿದ್ಧವಾದ ವಸ್ತುವನ್ನೂ ಗುರುತಿಸಿದರು. ಜರ್ಮನಿಯ ಕಾರ್ಲ್ ಲೋಮನ್ನರು ಅದೇ ವರ್ಷ ಎ.ಟಿ.ಪಿ.ಯನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದರು. ನೊಗವೆಳೆಯುವ ಎತ್ತಿನ ಹೆಗಲಿನಿಂದ ಹಿಡಿದು ಅಕ್ಷರ ತಿದ್ದುವ ಮಗುವಿನ ಬೆರಳಿನವರೆಗೆ ಸಕಲ ಜೀವಿಗಳ ಚಲನೆಗೂ ಶಕ್ತಿಯನ್ನೀಯುವ ನಾಣ್ಯ ಈ ಎ.ಟಿ.ಪಿ. ಇಂದು ಪ್ರೌಢಶಾಲೆಯ ಪಠ್ಯದಲ್ಲಿಯೂ ಆ ಹೆಸರು ಬರುತ್ತದೆ. ಸುಬ್ಬರಾಯರ ಹೆಸರು ಬರುವುದು ವಿರಳ.

1930ರಲ್ಲಿ ಡಾಕ್ಟರೇಟ್ ಪದವಿ ದೊರೆತರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಪ್ರಾಧ್ಯಾಪಕ ಸ್ಥಾನ ದೊರೆಯಲಿಲ್ಲ. ಅವರು ಬೇರ್ಪಡಿಸಿದ್ದ ಕೆಲವು ವಸ್ತುಗಳ ವಿಚಾರ ಬೆಳಕಿಗೇ ಬರಲಿಲ್ಲ. ಬೇರೆಯವರು ಎಷ್ಟೋ ವರ್ಷಗಳ ಬಳಿಕ ಅವುಗಳನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು. ಈ ಸಂಗತಿಯನ್ನು ಮುಂದೊಮ್ಮೆ ಜಗತ್ತಿಗೆ ತಿಳಿಸಿದವರು ಅದೇ ವಿಭಾಗದಲ್ಲಿ ಆಗ ಎಳೆಯ ಸಂಶೋಧಕರಾಗಿದ್ದ ಜಾರ್ಜ್ ಹಿಚಿಂಗ್ಸ್. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯ ಕೊನೆಯಲ್ಲಿ ಅದು ಮತ್ತೆ ಬರಲಿದೆ.

1940ರಲ್ಲಿ ಸುಬ್ಬರಾಯರು ಹಾರ್ವರ್ಡನ್ನು ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಯನ್ನು ಸೇರಿ, ಅಲ್ಲಿಯ ಸಂಶೋಧನೆಯ ನಿರ್ದೇಶಕರಾದರು. ಸೋದರರ ಮರಣದಿಂದ ಹುಟ್ಟಿದ ಆ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುವ ಅವಕಾಶ ಇಲ್ಲಿ ಒದಗಿತು. ಆ ಪ್ರಶ್ನೆಗೆ ಭಾರತದ ನೆಲದಲ್ಲಿಯೇ ಒಂದು ಸುಳಿವು ಸಿಕ್ಕಿತ್ತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ತೋರಿಸಿದ್ದರು. ಆ ಸಾರದಲ್ಲಿ ಅಡಗಿದ್ದ ಜೀವಸತ್ವ ಯಾವುದು? 1941ರಲ್ಲಿ ಅಮೇರಿಕೆಯ ಟೆಕ್ಸಾಸ್‌ನಲ್ಲಿ ನಾಲ್ಕು ಟನ್ ಪಾಲಕ ಸೊಪ್ಪನ್ನು ಅರೆದು ಸೋಸಿ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಪಡೆದವರು, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಷ್ಟು ಸೊಪ್ಪಿನಿಂದ ಇಷ್ಟೇ ದೊರೆಯುವುದಾದರೆ ಅದು ಬಡವರ ಮದ್ದಾಗುವುದೆಂತು? ಸುಬ್ಬರಾಯರ ತಂಡವು ಆ ಆಮ್ಲವನ್ನು ಯಕೃತ್ತಿನಿಂದ ಬೇರ್ಪಡಿಸಿ, ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ನಿರ್ಮಿಸಿತು.

ಫೋಲಿಕ್ ಆಮ್ಲದ ಅಣು ಮೂರು ತುಂಡುಗಳನ್ನು ಜೋಡಿಸಿದ ಸರಪಣಿಯಂತಿದೆ. ಮೊದಲನೆಯದು ಟೆರಿಡೀನ್ ಎಂಬ ಜೋಡುಬಳೆ. ಚಿಟ್ಟೆಯ ರೆಕ್ಕೆಗೆ ಹಳದಿ ಬಣ್ಣ ಕೊಡುವ ವಸ್ತುವೂ ಇದೇ ಕುಲದ್ದು. ಎರಡನೆಯದು ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲ. ಮೂರನೆಯದು ಗ್ಲುಟಾಮಿಕ್ ಆಮ್ಲ. ಈ ಪುಟ್ಟ ಅಣು ದೇಹದಲ್ಲಿ ಹಮಾಲಿಯ ಕೆಲಸ ಮಾಡುತ್ತದೆ. ಇಂಗಾಲದ ಒಂದೊಂದೇ ಪರಮಾಣುವನ್ನು ಹೊತ್ತು ತಂದು, ಹೊಸ ಜೀವಕೋಶದ ಡಿ.ಎನ್.ಎ. ಕಟ್ಟುವಲ್ಲಿಗೆ ಒಪ್ಪಿಸುತ್ತದೆ. ಅದು ಇಲ್ಲವಾದರೆ ಹೊಸ ರಕ್ತಕಣಗಳು ಹುಟ್ಟಲಾರವು. ಈ ಮದ್ದು ಉಷ್ಣವಲಯದ ಸ್ಪ್ರೂ ರೋಗಿಗಳ ರಕ್ತವನ್ನು ಮತ್ತೆ ತುಂಬಿಸುವುದೆಂದು ಬೇಗನೆ ಕಂಡುಬಂದಿತು. ಸೋದರರು ಸತ್ತು ಕಾಲು ಶತಮಾನ ಕಳೆದ ಮೇಲೆ, ಅವರನ್ನು ಉಳಿಸಬಹುದಾಗಿದ್ದ ಮದ್ದು ಸುಬ್ಬರಾಯರ ಕೈಗೆ ಬಂದಿತ್ತು. ಇದೇ ಹಂಬಲದಿಂದ ಅವರು ಬಹುಕಾಲ ಅರಸಿದ ಮತ್ತೊಂದು ಜೀವಸತ್ವ ಅವರಿಗೆ ಒಲಿಯಲಿಲ್ಲ. ಮಾರಕವಾದ ಇನ್ನೊಂದು ರಕ್ತಹೀನತೆಗೆ ಮದ್ದಾದ ಬಿ-12 ಜೀವಸತ್ವವನ್ನು 1948ರಲ್ಲಿ ಬೇರೆಯವರು ಬೇರ್ಪಡಿಸಿದರು.

ಇಲ್ಲಿಂದ ಮುಂದಿನ ಅಧ್ಯಾಯವು ಒಂದು ಅನಿರೀಕ್ಷಿತ ಕಹಿಯಿಂದ ಆರಂಭವಾಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಎಳೆಯ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟು ನೋಡಿದರು. ರೋಗ ಇಳಿಯುವ ಬದಲು ಏರಿದಂತೆ ಕಂಡಿತು. ಒಳ್ಳೆಯ ರಕ್ತಕಣಕ್ಕೆ ಆಹಾರವಾದುದು ಕೆಟ್ಟ ರಕ್ತಕಣಕ್ಕೂ ಆಹಾರವೇ ಆಗಿತ್ತು. ದುರ್ಬಲ ಮನಸ್ಸು ಇಲ್ಲಿ ಕೈಚೆಲ್ಲಿ ಕೂರುತ್ತಿತ್ತು. ಆದರೆ ಫಾರ್ಬರರೂ ಸುಬ್ಬರಾಯರೂ ಆ ಸೋಲನ್ನೇ ತಿರುಗಿಸಿ ಓದಿದರು. ಜೀವಸತ್ವವನ್ನು ಕೊಟ್ಟರೆ ರೋಗ ಬೆಳೆಯುವುದಾದರೆ, ಆ ಜೀವಸತ್ವವನ್ನು ತಡೆದರೆ ರೋಗ ಸೊರಗಬೇಕಲ್ಲವೆ?

ತಡೆಯುವ ಬಗೆಯನ್ನು ಅರಿಯಲು ಮುಗದದ ಭತ್ತದ ಗದ್ದೆಯ ಒಂದು ಹೋಲಿಕೆ ಸಹಾಯಕವಾದೀತು. ಗದ್ದೆಯಲ್ಲಿ ಭತ್ತವನ್ನೇ ಹೋಲುವ ಕಳೆಯೊಂದು ಬೆಳೆಯುತ್ತದೆ. ತೆನೆ ಹೊರಡುವವರೆಗೂ ಅನುಭವಿ ಒಕ್ಕಲಿಗನೂ ಅದನ್ನು ಗುರುತಿಸಲು ತಡವರಿಸುತ್ತಾನೆ. ಅದು ಭತ್ತದ ಜಾಗವನ್ನು ಹಿಡಿಯುತ್ತದೆ, ಭತ್ತದ ನೀರನ್ನು ಕುಡಿಯುತ್ತದೆ. ಆದರೆ ಕಾಳು ಕೊಡುವುದಿಲ್ಲ. ಜೀವಸತ್ವವನ್ನು ಹೋಲುವ ಹುಸಿ ಅಣುವಿನ ಕೆಲಸವೂ ಇಂಥದೇ. ದೇಹದಲ್ಲಿ ಪ್ರತಿಯೊಂದು ರಾಸಾಯನಿಕ ಕ್ರಿಯೆಯನ್ನು ನಡೆಸುವ ಕಿಣ್ವ ಎಂಬ ಕೆಲಸಗಾರನಿದ್ದಾನೆ. ಕಿಣ್ವಕ್ಕೆ ಒಂದು ಬೀಗದಂತಹ ರಂಧ್ರವಿದೆ. ಜೀವಸತ್ವವು ಅದರಲ್ಲಿ ಕೀಲಿಕೈಯಂತೆ ಕೂಡುತ್ತದೆ. ಅದೇ ಆಕಾರದ, ಆದರೆ ತಿರುಗದ ಹುಸಿ ಕೀಲಿಕೈಯನ್ನು ಒಳಗೆ ತೂರಿಸಿದರೆ ಬೀಗವೂ ತೆರೆಯದು, ನಿಜವಾದ ಕೀಲಿಕೈಗೂ ಜಾಗವಿರದು.

ಸುಬ್ಬರಾಯರ ತಂಡದ ಡೋರಿಸ್ ಸೀಗರ್ ಮೊದಲಾದ ರಸಾಯನ ತಜ್ಞರು ಅಂತಹ ಹುಸಿ ಕೀಲಿಕೈಗಳನ್ನು ಒಂದೊಂದಾಗಿ ನಿರ್ಮಿಸಿದರು. ಫೋಲಿಕ್ ಆಮ್ಲದ ಜೋಡುಬಳೆಯ ನಾಲ್ಕನೆಯ ಸ್ಥಾನದಲ್ಲಿದ್ದ ಆಮ್ಲಜನಕದ ಗುಂಪನ್ನು ತೆಗೆದು ಅಲ್ಲಿ ಸಾರಜನಕದ ಗುಂಪನ್ನಿಟ್ಟಾಗ ಅಮೈನಾಪ್ಟೆರಿನ್ ಎಂಬ ಹೊಸ ವಸ್ತು ಹುಟ್ಟಿತು. ಬದಲಾದುದು ಇಷ್ಟೇ. ಆದರೆ ಜೀವಕೊಡುವ ವಸ್ತು ಕೋಶದ ಬೆಳವಣಿಗೆಯನ್ನು ತಡೆಯುವ ವಸ್ತುವಾಗಿ ಮಾರ್ಪಟ್ಟಿತು. 1947ರ ಡಿಸೆಂಬರಿನಲ್ಲಿ ಫಾರ್ಬರರು ಅದನ್ನು ರೋಗಿ ಮಕ್ಕಳಿಗೆ ಕೊಡತೊಡಗಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡುಬಂದಿತು. ಆ ಗುಣ ಕೆಲವು ತಿಂಗಳುಗಳದ್ದಷ್ಟೇ. ರೋಗ ಮರಳಿ ಬಂದಿತು. ಆದರೆ ಅಲ್ಲಿಯವರೆಗೆ ಯಾವ ಮದ್ದಿಗೂ ಬಗ್ಗದಿದ್ದ ಕಾಯಿಲೆ ಮೊಟ್ಟಮೊದಲು ಹಿಂದೆ ಸರಿದಿತ್ತು. ಅಮೈನಾಪ್ಟೆರಿನ್ನಿನ ತಂಗಿಯೆನ್ನಬಹುದಾದ ಮೆಥೊಟ್ರೆಕ್ಸೇಟ್ ಮುಂದೆ ಅದರ ಸ್ಥಾನವನ್ನು ಪಡೆಯಿತು. ಕ್ಯಾನ್ಸರಿನಲ್ಲಿಯೂ ಕೀಲುವಾತದಲ್ಲಿಯೂ ಅದು ಇಂದಿಗೂ ಬಳಕೆಯಲ್ಲಿದೆ.

ಇದೇ ಕಾಲದಲ್ಲಿ ಅವರ ನಿರ್ದೇಶನದ ಪ್ರಯೋಗಶಾಲೆಯಿಂದ ಇನ್ನೆರಡು ವರಗಳು ಜಗತ್ತಿಗೆ ದೊರೆತವು. ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಎಂಬ ಜೀವಿರೋಧಕವನ್ನು ಕಂಡುಹಿಡಿದರು. ಟೆಟ್ರಾಸೈಕ್ಲಿನ್ ಕುಲದ ಮೊದಲ ಮದ್ದು ಅದು. ಆನೆಕಾಲು ರೋಗದ ಹುಳುವನ್ನು ಕೊಲ್ಲುವ ಹೆಟ್ರಜಾನ್ 1947ರಲ್ಲಿ ಬಂದಿತು. ಬೀದರ, ಕಲಬುರ್ಗಿ ಮೊದಲಾದ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಆನೆಕಾಲು ರೋಗದ ನಿರ್ಮೂಲನಕ್ಕಾಗಿ ಮನೆಮನೆಗೆ ಹಂಚಿದ ಡಿ.ಇ.ಸಿ. ಗುಳಿಗೆ ಅದೇ. ಇವುಗಳ ಪ್ರಬಂಧಗಳಲ್ಲಿ ಸುಬ್ಬರಾಯರ ಹೆಸರು ಒಮ್ಮೊಮ್ಮೆ ಹಲವರ ನಡುವೆ ಒಂದಾಗಿ ಕಾಣುತ್ತದೆ. ಒಮ್ಮೊಮ್ಮೆ ಕಾಣುವುದೇ ಇಲ್ಲ. ಕೆಲಸ ಮಾಡಿದವನಿಗೆ ಕೀರ್ತಿ ಸಲ್ಲಲಿ ಎಂಬುದು ಅವರ ರೀತಿಯಾಗಿತ್ತು.

ಅಮೈನಾಪ್ಟೆರಿನ್ ವರದಿ ಪ್ರಕಟವಾದ ಎರಡೇ ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ಪರ್ಲ್ ರಿವರಿನ ತಮ್ಮ ನಿವಾಸದಲ್ಲಿ ರಾತ್ರಿ ಮಲಗಿದ ಸುಬ್ಬರಾಯರು ಮತ್ತೆ ಏಳಲಿಲ್ಲ. ಆಗ ಅವರಿಗೆ 53 ವರ್ಷ ವಯಸ್ಸು. ಭಾರತ ಸ್ವತಂತ್ರವಾಗಿ ಆಗತಾನೇ ಒಂದು ವರ್ಷ ತುಂಬುತ್ತಿತ್ತು. ಖಾದಿಯನ್ನು ಧರಿಸಿ ಪದವಿಯನ್ನು ಕಳೆದುಕೊಂಡಿದ್ದ ಆ ತರುಣನಿಗೆ ಸ್ವತಂತ್ರ ತಾಯ್ನಾಡನ್ನು ಕಾಣುವ ಭಾಗ್ಯ ಇರಲಿಲ್ಲ.

ಮನುಷ್ಯನು ಮಡಿದರೂ ಆತನು ತೆರೆದ ದಾರಿ ಉಳಿಯುತ್ತದೆ. ಚಳಿಜ್ವರದ ಕಥೆ ಇಲ್ಲಿಂದ ಕೂಡಿಕೊಳ್ಳುತ್ತದೆ. ಹಾರ್ವರ್ಡಿನಲ್ಲಿ ಸುಬ್ಬರಾಯರನ್ನು ಕಂಡಿದ್ದ ಜಾರ್ಜ್ ಹಿಚಿಂಗ್ಸರು 1942ರಲ್ಲಿ ನ್ಯೂಯಾರ್ಕ್ ನಗರದ ಸಮೀಪದ ಟಕಾಹೋ ಎಂಬಲ್ಲಿದ್ದ ಬರೋಸ್ ವೆಲ್‌ಕಮ್ ಸಂಸ್ಥೆಯ ಪ್ರಯೋಗಶಾಲೆಯನ್ನು ಸೇರಿದ್ದರು. 1944ರಲ್ಲಿ ಗರ್ಟ್ರೂಡ್ ಎಲಿಯನ್ ಅವರ ಸಹೋದ್ಯೋಗಿಯಾದರು. ಡಿ.ಎನ್.ಎ. ಕಟ್ಟುವ ವಸ್ತುಗಳನ್ನು ಹೋಲುವ ಹುಸಿ ಅಣುಗಳನ್ನು ನಿರ್ಮಿಸಿ ರೋಗಾಣುಗಳನ್ನು ತಡೆಯಬೇಕೆಂಬುದು ಹಿಚಿಂಗ್ಸರ ಸಂಕಲ್ಪವಾಗಿತ್ತು. ಅವರು ನಿರ್ಮಿಸಿದ ಡೈಅಮೈನೋ ಪಿರಿಮಿಡಿನ್ ಎಂಬ ಸರಳ ವಸ್ತುಗಳು ಫೋಲಿಕ್ ಆಮ್ಲಕ್ಕೆ ಎದುರಾಳಿಗಳೆಂದು ಕಂಡುಬಂದಿತು. ಅಮೈನಾಪ್ಟೆರಿನ್ನಿನ ಜೋಡುಬಳೆಯಲ್ಲಿ ಯಾವೆರಡು ಸಾರಜನಕದ ಗುಂಪುಗಳಿದ್ದವೋ, ಇವುಗಳ ಒಂಟಿಬಳೆಯಲ್ಲಿಯೂ ಅವೇ ಗುಂಪುಗಳು ಅದೇ ಕ್ರಮದಲ್ಲಿದ್ದವು. 1945ರಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಮಾರ್ಗದಿಂದ ದೊರೆತಿದ್ದ ಪಾಲುಡ್ರಿನ್ ಎಂಬ ಮಲೇರಿಯಾ ಮದ್ದಿಗೂ ಇವುಗಳಿಗೂ ಹೋಲಿಕೆಯಿದ್ದುದನ್ನು ಹಿಚಿಂಗ್ಸರ ತಂಡ ಗಮನಿಸಿತು. ಇವುಗಳನ್ನು ಮಲೇರಿಯಾದ ಮೇಲೆ ಪ್ರಯೋಗಿಸಿದಾಗ ದೊರೆತ ಫಲವೇ ಪಿರಿಮೆಥಮಿನ್. 1951ರಲ್ಲಿ ಈ ಕುಲದ ಮದ್ದುಗಳ ವಿವರ ಪ್ರಕಟವಾಯಿತು. ಡಾರಾಪ್ರಿಮ್ ಎಂಬ ಹೆಸರಿನಿಂದ ಪಿರಿಮೆಥಮಿನ್ ಜಗತ್ತಿನಲ್ಲೆಲ್ಲ ಪ್ರಚಾರ ಪಡೆಯಿತು.

ಅಮೈನಾಪ್ಟೆರಿನ್ನನ್ನೇ ಚಳಿಜ್ವರದ ರೋಗಿಗೆ ಏಕೆ ಕೊಡಬಾರದಿತ್ತು? ಅದು ರೋಗಾಣುವಿನ ಬೀಗವನ್ನೂ ರೋಗಿಯ ಬೀಗವನ್ನೂ ಭೇದವಿಲ್ಲದೆ ಮುಚ್ಚಿಬಿಡುವ ವಸ್ತು. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬುದು ಆ ಬೀಗದ, ಎಂದರೆ ಆ ಕಿಣ್ವದ ಹೆಸರು. 1950ರ ದಶಕದ ಕೊನೆಯಲ್ಲಿ ಅದರ ಕಾರ್ಯ ಸ್ಪಷ್ಟವಾಯಿತು. ಮನುಷ್ಯನಲ್ಲೂ ಮಲೇರಿಯಾ ರೋಗಾಣುವಿನಲ್ಲೂ ಅದು ಇದ್ದರೂ ಎರಡರ ರಂಧ್ರದ ಆಕಾರದಲ್ಲಿ ಕೂದಲೆಳೆಯ ಅಂತರವಿದೆ. ಪಿರಿಮೆಥಮಿನ್ ರೋಗಾಣುವಿನ ಕಿಣ್ವವನ್ನು ಬಲವಾಗಿ ಹಿಡಿಯುತ್ತದೆ. ಮನುಷ್ಯನ ಕಿಣ್ವವನ್ನು ಬಹಳ ಸಡಿಲವಾಗಿ ಮಾತ್ರ ಮುಟ್ಟುತ್ತದೆ. ಎರಡನೆಯ ಭೇದವೂ ಉಂಟು. ಮನುಷ್ಯನು ಫೋಲಿಕ್ ಆಮ್ಲವನ್ನು ಸೊಪ್ಪು, ಕಾಳುಗಳಿಂದ ಪಡೆಯುತ್ತಾನೆ. ಮಲೇರಿಯಾ ರೋಗಾಣುವು ಅದನ್ನು ತಾನೇ ಕಟ್ಟಿಕೊಳ್ಳಬಲ್ಲದು. ಆ ಕಟ್ಟಡಕ್ಕೆ ಬೇಕಾದ ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲವನ್ನು ಹೋಲುವ ಹುಸಿ ವಸ್ತುಗಳೇ ಸಲ್ಫಾ ಮದ್ದುಗಳು. ಸಲ್ಫಾ ಮದ್ದು ರೋಗಾಣುವಿನ ಅಡಿಗೆಯನ್ನು ತಡೆದರೆ, ಪಿರಿಮೆಥಮಿನ್ ಊಟವನ್ನು ತಡೆಯುತ್ತದೆ. ಎರಡನ್ನೂ ಕೂಡಿಸಿದ ಗುಳಿಗೆ ಬಹುಕಾಲ ಮಲೇರಿಯಾ ಪೀಡಿತ ನಾಡುಗಳಿಗೆ ಆಸರೆಯಾಯಿತು. ಭಾರತದಲ್ಲಿಯೂ 2010ರ ಸುಮಾರಿಗೆ ಫಾಲ್ಸಿಪಾರಂ ಮಲೇರಿಯಾಕ್ಕೆ ಆರ್ಟಿಸುನೇಟಿನೊಡನೆ ಈ ಜೋಡಿಯನ್ನು ಕೊಡುವ ಪದ್ಧತಿ ಬಂದಿತು. ಆಫ್ರಿಕಾದಲ್ಲಿ ಗರ್ಭಿಣಿಯರ ರಕ್ಷಣೆಗಾಗಿ ಈ ಜೋಡಿಯ ಬಳಕೆ ಇಂದಿಗೂ ಇದೆ. ಹಿಚಿಂಗ್ಸ್ ಹಾಗೂ ಎಲಿಯನ್ ಅವರಿಗೆ ಔಷಧ ನಿರ್ಮಾಣದ ಹೊಸ ತತ್ತ್ವಗಳಿಗಾಗಿ 1988ರಲ್ಲಿ, ಜೇಮ್ಸ್ ಬ್ಲ್ಯಾಕ್ ಅವರೊಡನೆ, ನೊಬೆಲ್ ಪಾರಿತೋಷಕ ಸಂದಿತು.

ಆದರೆ ರೋಗಾಣುವೂ ಸುಮ್ಮನಿರಲಿಲ್ಲ. ತನ್ನ ಕಿಣ್ವದ 108ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲವನ್ನು ಬದಲಿಸಿಕೊಂಡು ಅದು ಬೀಗದ ಆಕಾರವನ್ನೇ ತಿದ್ದಿಕೊಂಡಿತು. ಮೇಲೆ ಇನ್ನೂ ಕೆಲವು ಬದಲಾವಣೆಗಳು ಸೇರಿದಂತೆ ಹಳೆಯ ಹುಸಿ ಕೀಲಿಕೈ ಹಲವೆಡೆ ಕೆಲಸಕ್ಕೆ ಬಾರದಾಯಿತು. ಥಾಯ್ಲೆಂಡಿನ ವಿಜ್ಞಾನಿಗಳು 2003ರಲ್ಲಿ ರೋಗಾಣುವಿನ ಆ ಕಿಣ್ವದ ನಿಜವಾದ ಆಕೃತಿಯನ್ನು ಬಿಡಿಸಿ, ಬದಲಾದ ಬೀಗಕ್ಕೂ ಹೊಂದುವಂತೆ ಪಿ-218 ಎಂಬ ಹೊಸ ಅಣುವನ್ನು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಜೀವಸತ್ವದ ಅಣುವಿನಂತೆಯೇ ಬಾಗಿ, ಜೀವಸತ್ವ ಕೂರುವಷ್ಟೇ ಜಾಗದಲ್ಲಿ ಕೂರುವಂತೆ ಅದನ್ನು ಅಳೆದು ಕಟ್ಟಲಾಯಿತು. ಸುಬ್ಬರಾಯರ ತಂಡ ಬೀಗದ ಆಕಾರವನ್ನು ಕಾಣದೆ, ಕೀಲಿಕೈಯ ತಿಳಿವಳಿಕೆಯೊಂದರಿಂದಲೇ ನಡೆಸಿದ ಕೆಲಸವನ್ನು ಇವರು ಬೀಗವನ್ನು ಕಣ್ಣಾರೆ ಕಂಡು ಮುಂದುವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿಯೂ ಮಲೇರಿಯಾದಿಂದ ಸುಮಾರು 5 ಲಕ್ಷ 97 ಸಾವಿರ ಜನ ಮಡಿದರು. ಅವರಲ್ಲಿ ಬಹುಪಾಲು ಆಫ್ರಿಕಾದ ಎಳೆಯ ಮಕ್ಕಳು. ಆದುದರಿಂದ ಈ ಕಾರ್ಯ ಮುಗಿದಿಲ್ಲ.

ಭಾರತ ಸರಕಾರವು ಸುಬ್ಬರಾಯರ ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು. ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಎಂಬ ಹೆಸರನ್ನಿಟ್ಟು ವಿಜ್ಞಾನಿಗಳು ಅವರನ್ನು ನೆನೆದರು. ಇದಕ್ಕಿಂತ ಹಿರಿದಾದ ಸ್ಮಾರಕವೊಂದು ಹಳ್ಳಿಹಳ್ಳಿಯಲ್ಲಿದೆ. ಮುಗದದಂತಹ ಊರುಗಳ ಅಂಗನವಾಡಿಯಲ್ಲಿ ಗರ್ಭಿಣಿಯ ಕೈಗೂ, ಶಾಲೆಯಲ್ಲಿ ಬೆಳೆಯುವ ಹೆಣ್ಣುಮಗಳ ಕೈಗೂ ಬರುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಪುಟ್ಟ ಗುಳಿಗೆಯೇ ಆ ಸ್ಮಾರಕ. ನಾಲ್ಕು ಟನ್ ಸೊಪ್ಪಿನಲ್ಲಿ ಅಡಗಿದ್ದ ಸತ್ವವು ಕೆಲವೇ ಪೈಸೆಗಳ ಗುಳಿಗೆಯಾಗಿ ಬಡವರ ಮನೆಯ ಬಾಗಿಲಿಗೆ ಬಂದುದರ ಹಿಂದೆ ಪರ್ಲ್ ರಿವರಿನ ಆ ಏಕಾಂಗಿಯ ಎಷ್ಟೋ ನಿದ್ದೆಯಿಲ್ಲದ ರಾತ್ರಿಗಳಿವೆ.

ಸಂನ್ಯಾಸವನ್ನು ಬಯಸಿದ ಸುಬ್ಬರಾಯರಿಗೆ ಕಾವಿ ದೊರೆಯಲಿಲ್ಲ. ಅವರಿಗೆ ದೊರೆತುದು ಆಸ್ಪತ್ರೆಯ ಮಲಪಾತ್ರೆ, ಪ್ರಯೋಗಶಾಲೆಯ ಗಾಜಿನ ಕೊಳವೆ, ಪರದೇಶದ ಒಂಟಿಕೋಣೆ. ಅವುಗಳನ್ನೇ ಅವರು ತಪಸ್ಸಿನ ಸಾಧನಗಳನ್ನಾಗಿ ಮಾಡಿಕೊಂಡರು. ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗೆ, ಬಡತನದಿಂದ ಕುಗ್ಗಿದ ವಿದ್ಯಾರ್ಥಿಗೆ, ಮಾಡಿದ ಕೆಲಸಕ್ಕೆ ಹೆಸರು ಬರಲಿಲ್ಲವೆಂದು ನೊಂದ ವಿದ್ಯಾರ್ಥಿಗೆ ಅವರ ಬಾಳು ಧೈರ್ಯವನ್ನು ಕೊಡುತ್ತದೆ. ಭತ್ತದ ಗದ್ದೆಯ ಅಂಚಿನಲ್ಲಿ ಹುಟ್ಟಿದ ಮಗುವೊಂದು ಜಗತ್ತಿನ ರೋಗಿಗಳಿಗೆ ಆಸರೆಯಾಗಬಲ್ಲದೆಂಬುದನ್ನು ಗೋದಾವರಿಯ ತೀರ ತೋರಿಸಿಕೊಟ್ಟಿದೆ. ಮಲಪ್ರಭೆಯ ಸೀಮೆಯ ಮಕ್ಕಳಿಗೂ ಆ ದಾರಿ ತೆರೆದೇ ಇದೆ.